ದರವರ್ಗ ಮತ್ತು ಆಸನದ ಅಪ್‌ಗ್ರೇಡ್: ಪದೇ ಪದೇ ಕೇಳುವ ಪ್ರಶ್ನೆಗಳು

ದರವರ್ಗ ಎಂದರೇನು? ಎಕಾನಮಿ, ಬಿಸಿನೆಸ್ ಎಂಬ ದರ್ಜೆಗಳಿಗೂ ಅದಕ್ಕೂ ಏನು ವ್ಯತ್ಯಾಸ?

ದರ್ಜೆ ಎಂದರೆ ವಿಮಾನದೊಳಗೆ ನೀವು ಕೂರುವ ಜಾಗ. ದರವರ್ಗ ಎಂದರೆ ಆ ಜಾಗವನ್ನು ಯಾವ ಬೆಲೆಗೆ, ಯಾವ ಷರತ್ತುಗಳಿಗೆ ಒಪ್ಪಿ ಕೊಂಡಿದ್ದೀರಿ ಎಂಬುದರ ಗುರುತು. ಎಕಾನಮಿ ಎಂಬ ಒಂದೇ ದರ್ಜೆಯನ್ನು ವಿಮಾನಯಾನ ಸಂಸ್ಥೆಯ ಕಂಪ್ಯೂಟರು ಹತ್ತು ಹನ್ನೆರಡು ವರ್ಗಗಳಾಗಿ ಒಡೆದು, ಪ್ರತಿಯೊಂದಕ್ಕೂ ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರ ಕೊಟ್ಟಿರುತ್ತದೆ. ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತ ಮೂವರಲ್ಲಿ ಒಬ್ಬರ ಟಿಕೆಟ್ ವೈ, ಮತ್ತೊಬ್ಬರದು ಎಂ, ಮೂರನೆಯವರದು ಕ್ಯೂ ಆಗಿರಬಹುದು. ಮೂವರ ಮುಂದೆಯೂ ಬಂದು ಕೂರುವ ಊಟದ ತಟ್ಟೆ ಒಂದೇ, ಕಾಲು ಚಾಚಲು ಇರುವ ಜಾಗವೂ ಒಂದೇ. ಆದರೆ ಟಿಕೆಟ್ ರದ್ದುಪಡಿಸಿದರೆ ಮರಳಿ ಬರುವ ಹಣ, ದಿನಾಂಕ ಬದಲಿಸಲು ತೆರಬೇಕಾದ ಶುಲ್ಕ, ಹಾರಾಟಕ್ಕೆ ಪ್ರತಿಯಾಗಿ ಸದಸ್ಯರ ಖಾತೆಗೆ ಸೇರುವ ಮೈಲಿಗಳೆಂಬ ಅಂಕಗಳು, ಜೊತೆಗೆ ಅಪ್‌ಗ್ರೇಡ್‌ನ, ಅಂದರೆ ಕೊಂಡದ್ದಕ್ಕಿಂತ ಮೇಲಿನ ದರ್ಜೆಗೆ ಏರುವುದರ ಅರ್ಹತೆ, ಇವೆಲ್ಲ ಮೂವರಿಗೂ ಬೇರೆ ಬೇರೆ.

ಮುಂದಿನ ಉತ್ತರಗಳೆಲ್ಲ ನಿಂತಿರುವ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅಪ್‌ಗ್ರೇಡ್‌ನ ಸರದಿಯಲ್ಲಿ ನಿಲ್ಲುವ ಹಕ್ಕು ನಿಮಗಿದೆಯೇ ಎಂಬುದನ್ನು ದರವರ್ಗ ತೀರ್ಮಾನಿಸುತ್ತದೆ, ಇದ್ದರೆ ಎಷ್ಟನೆಯವರಾಗಿ ನಿಲ್ಲುತ್ತೀರಿ ಎಂಬುದರಲ್ಲೂ ಅದರ ಪಾಲಿದೆ. ಮುಂದಿನ ದರ್ಜೆಯಲ್ಲಿ ಖಾಲಿ ಆಸನ ಉಳಿಯುತ್ತದೆಯೇ ಎಂಬುದು ಅದರ ಕೈಯಲ್ಲಿಲ್ಲ. ಅಪ್‌ಗ್ರೇಡ್ ಕುರಿತ ಗೊಂದಲಗಳಲ್ಲಿ ಬಹುಪಾಲು ಈ ಎರಡನ್ನು ಕಲಸಿಬಿಡುವುದರಿಂದ ಹುಟ್ಟಿದವು.

ನನ್ನ ಟಿಕೆಟ್‌ನ ಅಕ್ಷರ ಎಲ್ಲಿ ಸಿಗುತ್ತದೆ?

ಹಣ ಕಟ್ಟಿದ ಮೇಲೆ ಬರುವ ಇ-ಟಿಕೆಟ್ ರಸೀದಿಯಲ್ಲಿ, ವಿಮಾನದ ಸಂಖ್ಯೆ ಇರುವ ಸಾಲಿನಲ್ಲಿ ದರ್ಜೆಯ ಹೆಸರಿನ ಪಕ್ಕದಲ್ಲೇ ಒಂಟಿ ಅಕ್ಷರವೊಂದು ಇರುತ್ತದೆ. ಅದೇ ದರವರ್ಗ. ಅದೇ ರಸೀದಿಯಲ್ಲಿ ಫೇರ್ ಬೇಸಿಸ್ ಎಂಬ ಹೆಸರಿನಡಿ ಅಕ್ಷರ, ಅಂಕಿಗಳನ್ನು ಒತ್ತೊತ್ತಾಗಿ ಪೋಣಿಸಿದ ಸಂಕೇತವೂ ಇರುತ್ತದೆ. ಅದರ ಮೊದಲ ಅಕ್ಷರ ಸಾಮಾನ್ಯವಾಗಿ ದರವರ್ಗವೇ ಆಗಿದ್ದು, ಉಳಿದ ಭಾಗ ಋತು, ವಾರದ ದಿನ, ಎಷ್ಟು ದಿನ ಮುಂಚೆ ಕೊಳ್ಳಬೇಕು, ಎಷ್ಟು ದಿನದೊಳಗೆ ಮರಳಬೇಕು ಎಂಬಂಥ ಷರತ್ತುಗಳನ್ನು ಹೇಳುತ್ತದೆ. ಬೋರ್ಡಿಂಗ್ ಪಾಸ್ ನೋಡಿ ತೀರ್ಮಾನಿಸಬೇಡಿ. ಅಪ್‌ಗ್ರೇಡ್ ಆದ ಮೇಲೆ ಅದರಲ್ಲಿ ಹೊಸ ದರ್ಜೆಯ ಅಕ್ಷರ ಅಚ್ಚಾಗಿರಬಹುದು. ಲೆಕ್ಕಕ್ಕೆ ಬರುವುದು ಟಿಕೆಟ್ ಕೊಂಡಾಗಿನ ಅಕ್ಷರ.

ಹಣ ಕಟ್ಟುವ ಮುನ್ನವೇ ಇದನ್ನು ನೋಡಿಕೊಳ್ಳುವ ಅಭ್ಯಾಸ ಇನ್ನೂ ಒಳ್ಳೆಯದು. ಎಷ್ಟೋ ಬುಕಿಂಗ್ ತಾಣಗಳು ಅಕ್ಷರವನ್ನು ದರದ ವಿವರ ಎಂಬ ಪುಟ್ಟ ಕೊಂಡಿಯ ಹಿಂದೆ ಅಡಗಿಸಿಟ್ಟಿರುತ್ತವೆ.

ಎಲ್ಲ ಸಂಸ್ಥೆಗಳಲ್ಲೂ ಅಕ್ಷರಗಳಿಗೆ ಒಂದೇ ಅರ್ಥವೇ?

ಮೂರಕ್ಕೆ ಮಾತ್ರ ಹೆಚ್ಚು ಕಡಿಮೆ ಎಲ್ಲೆಡೆ ಒಂದೇ ಅರ್ಥ: ವೈ ಎಂದರೆ ಪೂರ್ಣ ದರದ ಎಕಾನಮಿ, ಜೆ ಎಂದರೆ ಪೂರ್ಣ ದರದ ಬಿಸಿನೆಸ್, ಎಫ್ ಎಂದರೆ ಫಸ್ಟ್. ಸಿ, ಡಿ, ಝಡ್, ಐ ಅಕ್ಷರಗಳು ಬಹುತೇಕ ಬಿಸಿನೆಸ್ ದರ್ಜೆಯ ಸುತ್ತಲೇ ಸುಳಿಯುತ್ತವೆ. ಉಳಿದವುಗಳಲ್ಲಿ ಊಹೆಯನ್ನು ನಂಬಬಾರದು. ಬಿ ಅಕ್ಷರವನ್ನೇ ತೆಗೆದುಕೊಳ್ಳಿ. ಯುನೈಟೆಡ್ ಮತ್ತು ಡೆಲ್ಟಾ ಸಂಸ್ಥೆಗಳಲ್ಲಿ ಅದು ವೈ ನಂತರದ ದುಬಾರಿ ಎಕಾನಮಿ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಅದೇ ಅಕ್ಷರ ತೀರಾ ಅಗ್ಗದ ಬೇಸಿಕ್ ಎಕಾನಮಿ. ಡಬ್ಲ್ಯೂ ಕೂಡ ಹೀಗೆಯೇ: ಹಲವು ಸಂಸ್ಥೆಗಳಲ್ಲಿ ಎಕಾನಮಿ ಮತ್ತು ಬಿಸಿನೆಸ್ ನಡುವಿನ ದರ್ಜೆಯಾದ ಪ್ರೀಮಿಯಂ ಎಕಾನಮಿ, ಯುನೈಟೆಡ್‌ನಲ್ಲಿ ಸಾಮಾನ್ಯ ಎಕಾನಮಿಯ ಒಂದು ವರ್ಗ. ಹೀಗಾಗಿ ಒಂದು ಸಂಸ್ಥೆಯಲ್ಲಿ ಕಲಿತ ಅಕ್ಷರಮಾಲೆಯನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋದರೆ ಮೋಸ ಹೋಗುವುದು ಖಚಿತ.

ಲೈಟ್, ಸ್ಟ್ಯಾಂಡರ್ಡ್, ಫ್ಲೆಕ್ಸ್ ಎಂಬ ಹೆಸರುಗಳೂ ದರವರ್ಗಗಳೇ?

ಅವು ಅಂಗಡಿಯ ಮುಂದಿನ ಫಲಕ; ಅಕ್ಷರಗಳು ಒಳಗಿನ ಲೆಕ್ಕದ ಪುಸ್ತಕ. ಒಂದೇ ಅಕ್ಷರದ ಟಿಕೆಟನ್ನು ಸಂಸ್ಥೆಯು ಲೈಟ್ ಎಂದೂ ಮಾರಬಹುದು, ಬ್ಯಾಗೇಜ್ ಮತ್ತು ಬದಲಾವಣೆಯ ಸೌಲಭ್ಯ ಸೇರಿಸಿ ಸ್ಟ್ಯಾಂಡರ್ಡ್ ಎಂದೂ ಮಾರಬಹುದು. ಆಗ ಅಕ್ಷರ ಒಂದೇ ಇದ್ದರೂ ಫೇರ್ ಬೇಸಿಸ್ ಬೇರೆಯಾಗುತ್ತದೆ. ಅಪ್‌ಗ್ರೇಡ್‌ನ ನಿಯಮವನ್ನು ಕೆಲವು ಸಂಸ್ಥೆಗಳು ಅಕ್ಷರಕ್ಕೆ ಕಟ್ಟುತ್ತವೆ, ಕೆಲವು ಈ ಹೆಸರಿಗೆ ಕಟ್ಟುತ್ತವೆ. ಎರಡನ್ನೂ ಓದಬೇಕಾಗಿ ಬಂದಿರುವುದು ಈ ಕಾರಣಕ್ಕೆ.

ಒಂದೇ ಬಗೆಯ ಆಸನಕ್ಕೆ ಇಷ್ಟೊಂದು ದರಗಳೇಕೆ? ಅಪ್‌ಗ್ರೇಡ್‌ಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಬಹಳ ಹತ್ತಿರದ್ದು. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡೋಣ.

1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನಯಾನ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ ಎಂಬುವರು ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಅಗ್ಗದ ಟಿಕೆಟ್ ಕೇಳಿ ಒಬ್ಬರು ಬಂದಿದ್ದಾರೆ; ಅವರಿಗೆ ಈಗಲೇ ಆಸನ ಕೊಟ್ಟುಬಿಡಬೇಕೇ, ಅಥವಾ ಕೊನೆಯ ಗಳಿಗೆಯಲ್ಲಿ ದುಬಾರಿ ದರ ತೆರುವವರಿಗಾಗಿ ಕಾದಿರಿಸಬೇಕೇ? ಅಗ್ಗದ ದರ 100, ದುಬಾರಿ ದರ 300 ಎಂದಿಟ್ಟುಕೊಳ್ಳಿ. ದುಬಾರಿ ಗಿರಾಕಿ ಬರುವ ಸಂಭವ ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಆಸನವನ್ನು ಕಾದಿರಿಸುವುದು ಲಾಭ. ಅದಕ್ಕಿಂತ ಕಡಿಮೆಯಿದ್ದರೆ ಬಂದ 100ನ್ನು ತೆಗೆದುಕೊಳ್ಳುವುದೇ ಜಾಣತನ. 1977ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮುಂಗಡ ಖರೀದಿಯ ಷರತ್ತಿನೊಂದಿಗೆ ಸೂಪರ್ ಸೇವರ್ ದರಗಳನ್ನು ತಂದಿತು. 1978ರಲ್ಲಿ ಅಮೆರಿಕದ ಕಾನೂನು ದರಗಳ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿತು. ಅಲ್ಲಿಂದ ಮುಂದೆ ಈ ಲೆಕ್ಕಾಚಾರ ಒಂದು ದೊಡ್ಡ ವಿದ್ಯೆಯಾಗಿ ಬೆಳೆದು, ಪ್ರತಿ ವಿಮಾನದ ಪ್ರತಿ ಅಕ್ಷರದಲ್ಲಿ ಇವತ್ತು ಎಷ್ಟು ಆಸನ ತೆರೆದಿಡಬೇಕು ಎಂಬುದನ್ನು ಕಂಪ್ಯೂಟರುಗಳೇ ನಿರ್ಧರಿಸುವ ಸ್ಥಿತಿ ಬಂದಿತು.

ಇದೇ ಸೂತ್ರವನ್ನು ಅಪ್‌ಗ್ರೇಡ್‌ಗೆ ಹಚ್ಚಿ ನೋಡಿ. ಬಿಸಿನೆಸ್ ದರ್ಜೆಯ ಒಂದು ಖಾಲಿ ಆಸನದ ನಿರೀಕ್ಷಿತ ಗಳಿಕೆ ಎಂದರೆ ಅದರ ದರವನ್ನು, ಅದು ಮಾರಾಟವಾಗುವ ಸಂಭವದಿಂದ ಗುಣಿಸಿದ ಮೊತ್ತ. ಹೊರಡುವ ದಿನಕ್ಕೆ ಎರಡು ತಿಂಗಳಿರುವಾಗ ಅದು ದೊಡ್ಡದಾಗಿರುತ್ತದೆ. ಹೊರಡುವ ಹೊತ್ತು ಹತ್ತಿರವಾದರೂ ಗಿರಾಕಿ ಬರದಿದ್ದರೆ ಕುಗ್ಗುತ್ತಾ, ಬಾಗಿಲು ಮುಚ್ಚುವ ಹೊತ್ತಿಗೆ ಸೊನ್ನೆಯಾಗುತ್ತದೆ. ನೀವು ಕೊಡುವ ಮೈಲಿಗಳು ಅಥವಾ ಹಣ ಆ ಕುಗ್ಗುವ ಮೊತ್ತಕ್ಕಿಂತ ಮೇಲಿರುವ ಗಳಿಗೆಯಲ್ಲಿ ಮಾತ್ರ ಆಸನ ಅಪ್‌ಗ್ರೇಡ್‌ಗೆ ಬಿಡುಗಡೆಯಾಗುತ್ತದೆ. ಏನನ್ನೂ ಕೊಡದೆ ಪಡೆಯುವ ಉಚಿತ ಅಪ್‌ಗ್ರೇಡ್‌ಗಳು ಕಟ್ಟಕಡೆಗೆ ಬರುವುದೂ, ಕಚೇರಿ ಕೆಲಸಕ್ಕೆಂದು ಓಡಾಡುವವರು ತುಂಬಿರುವ ಸೋಮವಾರ ಬೆಳಗಿನ ವಿಮಾನದಲ್ಲಿ ಅವು ಸಿಗುವುದು ಅಪರೂಪವಾಗಿರುವುದೂ ಇದರಿಂದಲೇ.

ಅಪ್‌ಗ್ರೇಡ್‌ನಲ್ಲಿ ಎಷ್ಟು ಬಗೆ? ಎಲ್ಲದರಲ್ಲೂ ದರವರ್ಗ ಲೆಕ್ಕಕ್ಕೆ ಬರುತ್ತದೆಯೇ?

ಮೈಲಿಗಳನ್ನು ಕೊಟ್ಟು ಪಡೆಯುವುದು, ಸಂಸ್ಥೆಯ ಮೈಲಿ ಯೋಜನೆಯಲ್ಲಿ ಮೇಲಿನ ಹಂತ ತಲುಪಿದ ಸದಸ್ಯರಿಗೆ ಸಿಗುವ ಪ್ರಮಾಣಪತ್ರ ಅಥವಾ ಅಂಕಗಳಿಂದ ಪಡೆಯುವುದು, ಸದಸ್ಯತ್ವದ ಬಲದಿಂದ ಉಚಿತವಾಗಿ ಪಡೆಯುವುದು, ಚೆಕ್-ಇನ್ ವೇಳೆ ತೋರಿಸಿದ ಬೆಲೆ ಕೊಟ್ಟು ಕೊಳ್ಳುವುದು, ಹರಾಜಿನ ರೀತಿಯಲ್ಲಿ ಬಿಡ್ ಹಾಕುವುದು, ಕೊನೆಯದಾಗಿ ಸಂಸ್ಥೆಯೇ ತನ್ನ ಅನುಕೂಲಕ್ಕಾಗಿ ಮುಂದೆ ಕೂರಿಸುವುದು. ಮೊದಲ ಎರಡರಲ್ಲಿ ದರವರ್ಗದ ಮಾತೇ ಅಂತಿಮ: ಪಟ್ಟಿಯಲ್ಲಿ ನಿಮ್ಮ ಅಕ್ಷರ ಇಲ್ಲದಿದ್ದರೆ ಲಕ್ಷ ಮೈಲಿ ಕೂಡಿಟ್ಟಿದ್ದರೂ ಪ್ರಯೋಜನವಿಲ್ಲ. ಇದೆ ಎಂದಾದರೂ, ಅಗ್ಗದ ಅಕ್ಷರಕ್ಕೆ ಹೆಚ್ಚು ಮೈಲಿ, ದುಬಾರಿ ಅಕ್ಷರಕ್ಕೆ ಕಡಿಮೆ ಮೈಲಿ ಎಂಬ ತಾರತಮ್ಯ ಸಾಮಾನ್ಯ. ಉಚಿತ ಅಪ್‌ಗ್ರೇಡ್‌ನಲ್ಲಿ ಸದಸ್ಯತ್ವದ ಹಂತದ ನಂತರ ಅದು ಸರದಿಯನ್ನು ನಿರ್ಧರಿಸುತ್ತದೆ. ಹಣ ಕೊಟ್ಟು ಕೊಳ್ಳುವ ಬಗೆಗಳಲ್ಲಿ ಅದರ ಹಿಡಿತ ಸಡಿಲ. ಸಂಸ್ಥೆ ತಾನಾಗಿ ಕೊಡುವ ಕಡೆ ಮತ್ತೆ ಬಿಗಿಯಾಗುತ್ತದೆ.

ಉಚಿತ ಅಪ್‌ಗ್ರೇಡ್ ಎಂಬುದು ಮುಖ್ಯವಾಗಿ ಅಮೆರಿಕದ ಸಂಸ್ಥೆಗಳ ಒಳನಾಡಿನ ಹಾರಾಟಗಳ ಪದ್ಧತಿ ಎಂಬುದನ್ನೂ ನೆನಪಿಡಬೇಕು. ಯುರೋಪ್, ಕೊಲ್ಲಿ ಮತ್ತು ಏಷ್ಯಾದ ಬಹುತೇಕ ಸಂಸ್ಥೆಗಳಲ್ಲಿ ಅತ್ಯುನ್ನತ ಸದಸ್ಯರಿಗೂ ಅಂಥ ನಿತ್ಯದ ಹಕ್ಕಿಲ್ಲ. ಆ ಪದ್ಧತಿಯ ಬಗ್ಗೆ ಓದಿ ಬೇರೆ ಸಂಸ್ಥೆಯಲ್ಲಿ ಕಾದು ಕುಳಿತವರು ನಿರಾಶರಾಗುತ್ತಾರೆ.

ಅತಿ ಅಗ್ಗದ ಟಿಕೆಟ್‌ಗೆ ಅಪ್‌ಗ್ರೇಡ್ ಸಿಗುವುದೇ ಇಲ್ಲವೇ?

ಮೈಲಿ ಅಥವಾ ಸದಸ್ಯತ್ವದ ದಾರಿಯಲ್ಲಿ ಬಹುಮಟ್ಟಿಗೆ ಇಲ್ಲ. ಯುನೈಟೆಡ್‌ನ ಬೇಸಿಕ್ ಎಕಾನಮಿ ಎನ್ ಅಕ್ಷರದಲ್ಲಿದೆ. ಅದಕ್ಕೆ ಸದಸ್ಯತ್ವದ ಉಚಿತ ಅಪ್‌ಗ್ರೇಡ್ ಅನ್ವಯಿಸುವುದಿಲ್ಲ. ಸಿಂಗಪುರ್ ಏರ್‌ಲೈನ್ಸ್‌ನ ಎಕಾನಮಿ ಲೈಟ್ ಟಿಕೆಟನ್ನು ಮೈಲಿಗಳಿಂದ ಮೇಲಕ್ಕೇರಿಸಲು ಬರುವುದಿಲ್ಲ. ಇದರ ಹಿಂದಿನ ತರ್ಕ ಸ್ಪಷ್ಟ: ಅಗ್ಗದ ದರವನ್ನು ಹುಡುಕಿಕೊಂಡು ಬಂದವರನ್ನು ಅಲ್ಲಿಯೇ ನಿಲ್ಲಿಸಿ, ಮುಂದೆ ಹೋಗುವ ಆಸೆಯಿರುವವರು ಕನಿಷ್ಠ ಒಂದು ಮೆಟ್ಟಿಲು ಮೇಲಿನ ದರವನ್ನಾದರೂ ಕೊಳ್ಳುವಂತೆ ಮಾಡುವುದು.

ಹಾಗಿದ್ದೂ ಹಣದ ಬಾಗಿಲು ಕೆಲವೊಮ್ಮೆ ತೆರೆದಿರುತ್ತದೆ. ಮೈಲಿ ಒಪ್ಪದ ಟಿಕೆಟ್‌ಗೇ ಚೆಕ್-ಇನ್ ಪರದೆಯ ಮೇಲೆ ಬೆಲೆ ಕಾಣಿಸಿಕೊಳ್ಳುವುದುಂಟು.

ಸದಸ್ಯತ್ವದ ಹಂತ, ದರವರ್ಗ: ಇವೆರಡರಲ್ಲಿ ಯಾವುದರ ತೂಕ ಹೆಚ್ಚು?

ಸದಸ್ಯತ್ವದ್ದು. ಡೆಲ್ಟಾ ಮತ್ತು ಯುನೈಟೆಡ್‌ನ ಸರದಿಯಲ್ಲಿ ಮೊದಲು ಸದಸ್ಯತ್ವದ ಹಂತವನ್ನು ನೋಡಿ, ಒಂದೇ ಹಂತದವರು ಎದುರಾದಾಗ ದರವರ್ಗದಿಂದ ಬೇರ್ಪಡಿಸುತ್ತಾರೆ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಹಂತದ ನಂತರ ಹಿಂದಿನ ಹನ್ನೆರಡು ತಿಂಗಳಲ್ಲಿ ಗಳಿಸಿದ ಅಂಕಗಳು ಬಂದು, ದರವರ್ಗ ಇನ್ನೂ ಕೆಳಕ್ಕೆ ಇಳಿದಿದೆ. ಸಮಯವೂ ಹಂತಕ್ಕೆ ತಕ್ಕಂತೆ ಹಂಚಿಕೆಯಾಗಿರುತ್ತದೆ. ಅಲ್ಲಿನ ಎಕ್ಸಿಕ್ಯುಟಿವ್ ಪ್ಲಾಟಿನಂ ಎಂಬ ಮೇಲಿನ ಹಂತದ ಸದಸ್ಯರ ಅಪ್‌ಗ್ರೇಡ್‌ಗಳು ಹೊರಡುವ 100 ಗಂಟೆ ಮುಂಚೆಯೇ ಪರಿಶೀಲನೆಗೆ ಬರುತ್ತವೆ, ಗೋಲ್ಡ್ ಎಂಬ ಕೆಳಗಿನ ಹಂತದ ಸದಸ್ಯರು 24 ಗಂಟೆಯವರೆಗೆ ಕಾಯಬೇಕು. ಗೋಲ್ಡ್ ಸದಸ್ಯರು ದುಬಾರಿ ಅಕ್ಷರ ಕೊಂಡರೂ, ಅವರ ಸರದಿ ಬರುವ ಹೊತ್ತಿಗೆ ತಟ್ಟೆ ಖಾಲಿಯಾಗಿರುವ ಸಂಭವವೇ ಹೆಚ್ಚು.

ಇದಕ್ಕೆ ಒಂದು ಗಮನಾರ್ಹ ಅಪವಾದವಿದೆ. ಉತ್ತರ ಅಮೆರಿಕದೊಳಗಿನ ಹಾರಾಟಗಳಲ್ಲಿ ಯುನೈಟೆಡ್‌ನ ಸದಸ್ಯರು ವೈ ಅಥವಾ ಬಿ ಟಿಕೆಟ್ ಕೊಂಡರೆ, ಅದಕ್ಕೆಂದು ಬಿಟ್ಟ ಆಸನ ಇದ್ದ ಪಕ್ಷದಲ್ಲಿ ಕೊಂಡ ಗಳಿಗೆಯಲ್ಲೇ ಮುಂದಿನ ದರ್ಜೆಗೆ ಏರುತ್ತಾರೆ. ಇಲ್ಲಿ ಮಾತ್ರ ಅಕ್ಷರವು ಸರದಿಯನ್ನೇ ಹಾರಿಸಿಬಿಡುತ್ತದೆ.

ಬಿಸಿನೆಸ್‌ನಲ್ಲಿ ಒಂಬತ್ತು ಆಸನ ಮಾರಾಟಕ್ಕಿವೆ. ನನ್ನ ಅಕ್ಷರವೂ ಅರ್ಹವಾಗಿದೆ. ಆದರೂ ಅಪ್‌ಗ್ರೇಡ್ ಇಲ್ಲ ಎನ್ನುತ್ತಾರೆ. ಏಕೆ?

ಹೆಚ್ಚು ಸಿಟ್ಟು ತರಿಸುವ ಪ್ರಶ್ನೆ ಇದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯೇ ಮೊದಲು ನೆನಪಿಗೆ ಬರುತ್ತದೆ. ಆದರೆ ಇಲ್ಲಿ ತಡೆಯುತ್ತಿರುವುದು ಕೌಂಟರಿನ ಸಿಬ್ಬಂದಿಯಲ್ಲ.

ಏಜೆಂಟರ ಪರದೆಯ ಮೇಲೆ ಅಥವಾ ಎಕ್ಸ್‌ಪರ್ಟ್‌ಫ್ಲೈಯರ್‌ನಂಥ ಚಂದಾ ಸೇವೆಯಲ್ಲಿ ಒಂದು ವಿಮಾನದ ಸ್ಥಿತಿ ಹೀಗೆ ಕಾಣುತ್ತದೆ ಎಂದಿಟ್ಟುಕೊಳ್ಳಿ: ಜೆ 9, ಸಿ 9, ಡಿ 6, ಝಡ್ 2, ಐ 0, ವೈ 9, ಬಿ 9, ಎಂ 9, ಎಚ್ 4, ಕ್ಯೂ 0. ಇದನ್ನು ಕೂಡಿಸಬಾರದು. ಅಕ್ಷರಗಳು ಒಂದರೊಳಗೊಂದು ಇಟ್ಟ ಡಬ್ಬಿಗಳಿದ್ದಂತೆ. ಝಡ್‌ನ 2 ಆಸನಗಳು ಡಿಯ 6ರೊಳಗೇ ಇವೆ, ಡಿಯ 6 ಜೆಯ 9ರೊಳಗೇ ಇವೆ. 9 ಎಂಬುದೂ ಸಾಮಾನ್ಯವಾಗಿ ತೋರಿಸುವ ಗರಿಷ್ಠ ಅಂಕಿ, ಅಂದರೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು. ಈ ಸಾಲನ್ನು ಓದಿದರೆ ತಿಳಿಯುವುದೇನೆಂದರೆ, ಪೂರ್ಣ ದರ ಕೊಡುವವರಿಗೆ ಸಂಸ್ಥೆ ಒಂಬತ್ತು ಆಸನ ಕೊಡಲು ಸಿದ್ಧ. ರಿಯಾಯಿತಿ ಕೇಳುವವರಿಗೆ ಎರಡು ಮಾತ್ರ. ಅದಕ್ಕಿಂತ ಅಗ್ಗಕ್ಕೆ ಕೇಳಿದರೆ ಒಂದೂ ಇಲ್ಲ. ಅಪ್‌ಗ್ರೇಡ್‌ನ ಡಬ್ಬಿ ಈ ಎಲ್ಲವುಗಳ ಒಳಗೆ, ಇನ್ನೂ ಆಳದಲ್ಲಿದೆ. ಯುನೈಟೆಡ್ ಅದನ್ನು ಪಿಝಡ್ ಎಂದು ಗುರುತಿಸುತ್ತದೆ. ಅಮೆರಿಕನ್ ಏರ್‌ಲೈನ್ಸ್ ಸಿ ಎಂಬ ಅಕ್ಷರವನ್ನೇ ಅದಕ್ಕೆ ಬಳಸುತ್ತದೆ, ಬೇರೆ ಕಡೆ ಅದು ಹಣ ಕೊಟ್ಟು ಕೊಳ್ಳುವ ಬಿಸಿನೆಸ್ ಆಗಿದ್ದರೂ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಡಬ್ಬಿಯ ಅಂಕಿಯಲ್ಲಿ.

ಅನುಭವದಿಂದ ಹೇಳುವುದಾದರೆ, ಹೊರಡಲು ನಾಲ್ಕೈದು ದಿನವಿರುವಾಗಲೂ ಬಿಸಿನೆಸ್‌ನ ಅತಿ ಅಗ್ಗದ ಅಕ್ಷರ ತೆರೆದೇ ಇದ್ದರೆ, ಆಸನಗಳು ಉಳಿಯುತ್ತವೆಂದು ಸಂಸ್ಥೆಯೇ ಅಂದಾಜು ಮಾಡಿದೆ ಎಂದರ್ಥ. ಕಾಯುವ ಪಟ್ಟಿಯಲ್ಲಿರುವವರು ಸ್ವಲ್ಪ ಧೈರ್ಯ ತಂದುಕೊಳ್ಳಬಹುದು. ಜೆ ಒಂದೇ ಉಳಿದಿದ್ದರೆ ಆಸೆ ಬಿಡುವುದು ಮೇಲು.

ಆಸನಗಳ ನಕ್ಷೆ ನೋಡಿ ಸಂಭವವನ್ನು ಅಂದಾಜಿಸಬಹುದೇ?

ಅದು ಸರಿಯಾದ ಅಳತೆಗೋಲಲ್ಲ. ಟಿಕೆಟ್ ಕೊಂಡರೂ ಆಸನ ಆರಿಸಿಕೊಳ್ಳದವರು ನಕ್ಷೆಯಲ್ಲಿ ಕಾಣುವುದಿಲ್ಲ. ಸಂಸ್ಥೆ ತಡೆಹಿಡಿದ ಆಸನಗಳು ತುಂಬಿದಂತೆ ಕಾಣುತ್ತವೆ.

ಹೆಚ್ಚಿನ ಅಕ್ಷರದ ಟಿಕೆಟ್ ಕೊಳ್ಳುವುದು ಲಾಭದಾಯಕವೇ?

ಕಾಗದ, ಪೆನ್ನು ಹಿಡಿದು ಕೂತರೆ ಬಹಳ ಸಲ ಲಾಭವಿಲ್ಲ ಎಂದೇ ತಿಳಿಯುತ್ತದೆ. ಒಂದು ಲೆಕ್ಕ ಹಾಕೋಣ. ಕ್ಯೂ ಟಿಕೆಟ್ 40, ಎಂ ಟಿಕೆಟ್ 62, ನೇರವಾಗಿ ಕೊಳ್ಳುವ ರಿಯಾಯಿತಿಯ ಬಿಸಿನೆಸ್ ಟಿಕೆಟ್ 120 ಎಂದಿರಲಿ. ಕ್ಯೂಗೆ ಅಪ್‌ಗ್ರೇಡ್‌ನ ಅರ್ಹತೆಯಿಲ್ಲ, ಎಂಗೆ ಇದೆ, ಮತ್ತು ಎಂನಲ್ಲಿ ಐದು ಪ್ರಯಾಣಕ್ಕೆ ಒಂದು ಸಲ ಅಪ್‌ಗ್ರೇಡ್ ಆಗುತ್ತದೆ ಎಂದುಕೊಳ್ಳೋಣ. ಐದು ಪ್ರಯಾಣಗಳಲ್ಲಿ ನೀವು ತಲಾ 22ರಂತೆ 110 ಹೆಚ್ಚುವರಿ ತೆತ್ತು ಒಂದು ಸಲ ಮುಂದೆ ಕೂತಿರಿ. ಅದರ ಬದಲು ನಾಲ್ಕು ಸಲ ಕ್ಯೂ ಟಿಕೆಟ್‌ನಲ್ಲಿ ಹೋಗಿ, ಐದನೆಯ ಸಲ 80 ಹೆಚ್ಚುವರಿ ಕೊಟ್ಟು ಬಿಸಿನೆಸ್ಸನ್ನೇ ಕೊಂಡಿದ್ದರೆ, ಯಾವ ಪ್ರಯಾಣದಲ್ಲಿ ಮುಂದೆ ಕೂರಬೇಕೆಂಬ ಆಯ್ಕೆಯೂ ನಿಮ್ಮದೇ ಆಗಿರುತ್ತಿತ್ತು, 30 ಉಳಿಯುತ್ತಲೂ ಇತ್ತು. ಮೈಲಿಗಳ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಲೆಕ್ಕ ತಿರುಗುವ ಸಂದರ್ಭಗಳೂ ಇವೆ. ಅಪ್‌ಗ್ರೇಡ್‌ನ ಡಬ್ಬಿಯಲ್ಲಿ ಆಸನ ಈಗಲೇ ತೆರೆದಿದ್ದು, ಟಿಕೆಟ್ ಕೊಂಡ ಕೂಡಲೇ ಖಚಿತವಾಗುವಂತಿದ್ದರೆ ಸಂಭವದ ಪ್ರಶ್ನೆಯೇ ಇಲ್ಲ. ಆಗ 22 ಹೆಚ್ಚುವರಿ ಒಳ್ಳೆಯ ವ್ಯಾಪಾರ. ದಿನಾಂಕ ಬದಲಿಸುವ ಅಗತ್ಯ ಹೇಗೂ ಇದ್ದು, ಫ್ಲೆಕ್ಸ್ ಟಿಕೆಟ್ ಕೊಳ್ಳಲೇಬೇಕಾಗಿದ್ದರೆ ಅದರೊಂದಿಗೆ ಬರುವ ಅರ್ಹತೆಗೆ ಪ್ರತ್ಯೇಕ ಬೆಲೆಯಿಲ್ಲ. ಕೊನೆಯ ಗಳಿಗೆಯಲ್ಲಿ ಅಗ್ಗದ ಅಕ್ಷರಗಳೆಲ್ಲ ಮುಚ್ಚಿ ವೈ, ಬಿ ಮಾತ್ರ ಉಳಿದಿದ್ದಾಗಲೂ ಹಾಗೆಯೇ. ಆಗ ಬಿಸಿನೆಸ್‌ನ ರಿಯಾಯಿತಿ ದರವನ್ನೂ ಒಮ್ಮೆ ನೋಡಿ. ಪೂರ್ಣ ದರದ ಎಕಾನಮಿಗಿಂತ ಅದು ಅಗ್ಗವಾಗಿರುವುದು ಅಪರೂಪವೇನಲ್ಲ.

ಅಪ್‌ಗ್ರೇಡ್‌ಗಾಗಿ ಮೈಲಿಗಳನ್ನು ಮೊದಲೇ ಖಾತೆಗೆ ವರ್ಗಾಯಿಸಿಟ್ಟುಕೊಳ್ಳಬೇಕೇ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಕ್ರೆಡಿಟ್ ಕಾರ್ಡಿನ ಅಂಕಗಳನ್ನು ಒಮ್ಮೆ ವಿಮಾನಯಾನದ ಮೈಲಿಗಳಾಗಿ ಬದಲಿಸಿದರೆ ಸಾಮಾನ್ಯವಾಗಿ ಹಿಂದಿರುಗಿಸಲು ಬರುವುದಿಲ್ಲ. ಮೊದಲು ಅಕ್ಷರದ ಅರ್ಹತೆ, ಆಮೇಲೆ ಡಬ್ಬಿಯಲ್ಲಿನ ಆಸನ, ಕೊನೆಗೆ ವರ್ಗಾವಣೆ; ಕೆಲಸ ಈ ಕ್ರಮದಲ್ಲಿ ನಡೆಯಬೇಕು.

ಒಂದು ಸಂಸ್ಥೆಯಿಂದ ಟಿಕೆಟ್ ಕೊಂಡು ಇನ್ನೊಂದರ ವಿಮಾನದಲ್ಲಿ ಹೋಗುವಾಗ ಏನಾಗುತ್ತದೆ?

ಕೋಡ್‌ಶೇರ್ ಎನ್ನುವ ಈ ಏರ್ಪಾಟಿನಲ್ಲಿ ಅಪ್‌ಗ್ರೇಡ್‌ನ ದಾರಿ ಬಹಳ ಇಕ್ಕಟ್ಟು. ಟಿಕೆಟ್ ಮಾರಿದ ಸಂಸ್ಥೆಯ ಅಕ್ಷರ ಒಂದು, ವಿಮಾನ ಹಾರಿಸುವ ಸಂಸ್ಥೆಯ ಪುಸ್ತಕದಲ್ಲಿ ಅದು ಇಳಿಯುವ ಅಕ್ಷರ ಇನ್ನೊಂದು. ಟಿಕೆಟ್‌ನ 13 ಅಂಕಿಗಳ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿಗಳು ಅದನ್ನು ನೀಡಿದವರು ಯಾರೆಂದು ಹೇಳುತ್ತವೆ: 016 ಯುನೈಟೆಡ್, 220 ಲುಫ್ತಾನ್ಸಾ, 618 ಸಿಂಗಪುರ್ ಏರ್‌ಲೈನ್ಸ್. ವಿಮಾನದ ಸಂಖ್ಯೆ, ಟಿಕೆಟ್ ಸಂಖ್ಯೆ, ಹಾರಿಸುವ ಸಂಸ್ಥೆ ಈ ಮೂರೂ ಒಂದೇ ಆಗಿದ್ದರೆ ಅರ್ಹತೆಯ ಪ್ರಶ್ನೆ ಸುಲಭ. ಒಂದು ಬೇರೆಯಾದರೂ ತಕರಾರು ಶುರು. ಒಮ್ಮೆ ನಾನು ಅರ್ಹತೆಯ ಪಟ್ಟಿಯಲ್ಲಿದ್ದ ಅಕ್ಷರವನ್ನೇ ಹುಡುಕಿ, ಹೆಚ್ಚಿಗೆ ತೆತ್ತು ಟಿಕೆಟ್ ಕೊಂಡಿದ್ದೆ. ವಿಮಾನದ ಸಂಖ್ಯೆ ಪಾಲುದಾರ ಸಂಸ್ಥೆಯದ್ದು ಎಂಬುದನ್ನು ಮಾತ್ರ ಗಮನಿಸಿರಲಿಲ್ಲ. ಅದೇ ಲೋಹದ ಹಕ್ಕಿ, ಅದೇ ಬಾಗಿಲು, ಅದೇ ಹೊತ್ತು. ಆದರೆ ನನ್ನ ಮೈಲಿಗಳಿಗೆ ಅಲ್ಲಿ ಬೆಲೆಯಿರಲಿಲ್ಲ.

ಸ್ಟಾರ್ ಅಲೈಯನ್ಸ್‌ನಂಥ ಒಕ್ಕೂಟಗಳಲ್ಲಿ ಒಂದು ಸಂಸ್ಥೆಯ ಮೈಲಿಗಳಿಂದ ಇನ್ನೊಂದರ ವಿಮಾನದಲ್ಲಿ ಅಪ್‌ಗ್ರೇಡ್ ಪಡೆಯುವ ಸೌಲಭ್ಯವಿದೆ. ಆದರೆ ಅದಕ್ಕೆ ಕೇಳುವುದು ಪೂರ್ಣ ದರದ ಹತ್ತಿರದ ಅಕ್ಷರಗಳನ್ನು.

ಗುಂಪು ಟಿಕೆಟ್, ಪ್ರವಾಸ ಪ್ಯಾಕೇಜ್, ಮೈಲಿಗಳಿಂದ ಕೊಂಡ ಟಿಕೆಟ್‌ಗಳ ಗತಿ?

ಗುಂಪು ದರ ಮತ್ತು ಪ್ಯಾಕೇಜ್ ದರಗಳು ಬಹುತೇಕ ಪಟ್ಟಿಯಿಂದ ಹೊರಗೇ ಇರುತ್ತವೆ. ಮೈಲಿಗಳಿಂದ ಪಡೆದ ಎಕಾನಮಿ ಟಿಕೆಟ್ ಅನೇಕ ಸಂಸ್ಥೆಗಳಲ್ಲಿ ಎಕ್ಸ್ ಅಕ್ಷರದಲ್ಲಿರುತ್ತದೆ. ಅದನ್ನು ಮತ್ತಷ್ಟು ಮೈಲಿ ಹಾಕಿ ಅಪ್‌ಗ್ರೇಡ್ ಮಾಡುವುದಕ್ಕಿಂತ, ರದ್ದು ಮಾಡಿ ಬಿಸಿನೆಸ್‌ನ ಮೈಲಿ ಟಿಕೆಟ್ ಪಡೆಯುವುದೇ ರೂಢಿಯ ಮಾರ್ಗ.

ಬಿಡ್ ಹಾಕುವಾಗ ದರವರ್ಗ ಮುಖ್ಯವೇ?

ಆಹ್ವಾನ ಬರುತ್ತದೆಯೇ ಎಂಬಲ್ಲಿ ಮುಖ್ಯ. ಕೆಲವು ಸಂಸ್ಥೆಗಳು ಅಗ್ಗದ ವರ್ಗಗಳನ್ನೂ ಬಿಡ್‌ಗೆ ಕರೆಯುತ್ತವೆ, ಕೆಲವು ಹೊರಗಿಡುತ್ತವೆ. ಒಳಗೆ ಬಂದ ಮೇಲೆ ಮಾತನಾಡುವುದು ಪ್ರಧಾನವಾಗಿ ಹಣ. ಮೊತ್ತ ಸಾಮಾನ್ಯವಾಗಿ ತಲಾ ಒಬ್ಬರಿಗೆ, ಒಂದು ಹಾರಾಟಕ್ಕೆ ಎಂದು ಇರುತ್ತದೆ. ಇಬ್ಬರು ಹೋಗಿಬರುವ ಪ್ರಯಾಣಕ್ಕೆ ಬಿಡ್ ಹಾಕುವವರು ಅದನ್ನು ನಾಲ್ಕರಿಂದ ಗುಣಿಸಿ ನೋಡಬೇಕು. ಪರದೆಯ ಮೇಲೆ ದುರ್ಬಲ, ಪ್ರಬಲ ಎಂದು ಆಡುವ ಮುಳ್ಳು ಹೆಚ್ಚು ಹಾಕುವಂತೆ ನಿಮ್ಮನ್ನು ಪುಸಲಾಯಿಸಲು ಇರುವಂಥದ್ದು ಎಂಬುದು ನನ್ನ ಅಭಿಪ್ರಾಯ. ಬಿಡ್ ಒಪ್ಪಿಗೆಯಾದರೆ ಹಣ ಹಿಂದೆ ಬರುವುದಿಲ್ಲವಾದ್ದರಿಂದ, ರಿಯಾಯಿತಿಯ ಬಿಸಿನೆಸ್ ದರಕ್ಕೂ ನಿಮ್ಮ ಟಿಕೆಟ್‌ಗೂ ಇರುವ ಅಂತರವನ್ನು ಮೊದಲು ನೋಡಿ, ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿ.

ವಿಮಾನದಲ್ಲಿ ಮಾರಿದ ಟಿಕೆಟ್‌ಗಳು ಆಸನಗಳಿಗಿಂತ ಹೆಚ್ಚಾಗಿದ್ದಾಗ ಯಾರನ್ನು ಮುಂದೆ ಕೂರಿಸುತ್ತಾರೆ?

ಬಾರದೆ ಉಳಿಯುವವರನ್ನು ಲೆಕ್ಕ ಹಾಕಿ ಸಂಸ್ಥೆಗಳು ಎಕಾನಮಿಯಲ್ಲಿ ಇರುವುದಕ್ಕಿಂತ ಹೆಚ್ಚು ಟಿಕೆಟ್ ಮಾರುತ್ತವೆ. ಎಲ್ಲರೂ ಬಂದು ನಿಂತು, ಬಿಸಿನೆಸ್‌ನಲ್ಲಿ ಜಾಗವಿದ್ದರೆ, ಕೆಲವರನ್ನು ಮುಂದೆ ಕಳಿಸುವುದೇ ಪರಿಹಾರ. ಸಾಮಾನ್ಯವಾಗಿ ಸದಸ್ಯತ್ವದ ಹಂತ ಮೊದಲು, ಆಮೇಲೆ ದರವರ್ಗ. ಸದಸ್ಯತ್ವವಿಲ್ಲದವರ ನಡುವೆ ದುಬಾರಿ ಅಕ್ಷರ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದು. ಒಂಟಿಯಾಗಿ ಪ್ರಯಾಣಿಸುವವರನ್ನು ಸರಿಸುವುದು ಸುಲಭವಾದ್ದರಿಂದ ಅವರಿಗೆ ಅನುಕೂಲ ಹೆಚ್ಚು.

ಒಳ್ಳೆಯ ಉಡುಪು ಧರಿಸಿ, ಕೌಂಟರಿನಲ್ಲಿ ವಿನಯದಿಂದ ಕೇಳಿದರೆ ಸಿಗುವುದೇ?

ಸಿಬ್ಬಂದಿಯ ಮುಂದಿರುವ ಪಟ್ಟಿಯನ್ನು ಕಂಪ್ಯೂಟರು ಕ್ರಮವಾಗಿ ಜೋಡಿಸಿರುತ್ತದೆ. ಅದನ್ನು ದಾಟಿ ಬೇರೆಯವರನ್ನು ಕೂರಿಸಿದರೆ ಅವರು ಉತ್ತರ ಹೇಳಬೇಕಾಗುತ್ತದೆ. ಕೋಟು ಹಾಕಿಕೊಂಡರೆ ಚಳಿಗೆ ಒಳ್ಳೆಯದು. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಹಾರಾಟಕ್ಕೆ ಹಣ ಕೊಟ್ಟು ಕೊಳ್ಳುವ ಅಪ್‌ಗ್ರೇಡ್ ಇದೆಯೇ, ಎಷ್ಟು? ಅದಕ್ಕೆ ನೇರ ಉತ್ತರ ಸಿಗುತ್ತದೆ.

ಇಬ್ಬರು ಒಂದೇ ಬುಕಿಂಗ್‌ನಲ್ಲಿದ್ದರೆ ಸಂಭವ ಕಡಿಮೆಯಾಗುತ್ತದೆಯೇ?

ಆಗುತ್ತದೆ. ಒಂದೇ ಪಿಎನ್‌ಆರ್‌ನಲ್ಲಿರುವ ಇಬ್ಬರಿಗೆ ಎರಡು ಆಸನ ಬೇಕು. ಒಂದೇ ಬಿಡುಗಡೆಯಾದರೆ ಅದು ಹಿಂದಿನವರ ಪಾಲಾಗಬಹುದು. ಇದರ ಇನ್ನೊಂದು ಮುಖ ಟಿಕೆಟ್ ಕೊಳ್ಳುವಾಗಲೇ ಕಾಣುತ್ತದೆ. ಎಂ ಅಕ್ಷರದಲ್ಲಿ ಒಂದೇ ಆಸನ ಉಳಿದಿದ್ದಾಗ ಇಬ್ಬರಿಗೆ ಹುಡುಕಿದರೆ, ಬಹಳಷ್ಟು ತಾಣಗಳು ಇಬ್ಬರನ್ನೂ ಮುಂದಿನ ದುಬಾರಿ ಅಕ್ಷರಕ್ಕೆ ಏರಿಸಿಬಿಡುತ್ತವೆ. ಬುಕಿಂಗ್ ಒಡೆದು ಬೇರೆ ಮಾಡಿಸಬಹುದು. ಆದರೆ ವಿಮಾನ ರದ್ದಾದಾಗ ಇಬ್ಬರನ್ನು ಬೇರೆ ಬೇರೆ ವಿಮಾನಗಳಿಗೆ ಹಾಕುವ ಅಪಾಯವಿದ್ದು, ಮಕ್ಕಳು ಅಥವಾ ವಯಸ್ಸಾದವರು ಜೊತೆಗಿದ್ದರೆ ನಾನು ಅದನ್ನು ಸಲಹೆ ಮಾಡುವುದಿಲ್ಲ.

ಪ್ರೀಮಿಯಂ ಎಕಾನಮಿ ಕೊಂಡರೆ ಬಿಸಿನೆಸ್‌ಗೆ ಏರುವುದು ಸುಲಭವೇ?

ಹಲವು ಸಂಸ್ಥೆಗಳು ಅಪ್‌ಗ್ರೇಡನ್ನು ಒಂದು ದರ್ಜೆಯಷ್ಟಕ್ಕೆ ಸೀಮಿತಗೊಳಿಸಿವೆ. ಪ್ರೀಮಿಯಂ ಎಕಾನಮಿ ಇರುವ ವಿಮಾನದಲ್ಲಿ ಅಂಥ ಸಂಸ್ಥೆಯ ಎಕಾನಮಿ ಟಿಕೆಟ್ ಅಲ್ಲಿಯವರೆಗೆ ಮಾತ್ರ ಏರುತ್ತದೆ. ಬಿಸಿನೆಸ್ ಬೇಕಿದ್ದವರಿಗೆ ನಡುವಿನ ಮೆಟ್ಟಿಲು ಅನಿವಾರ್ಯ. ತಗಲುವ ಮೈಲಿಗಳೂ ಅಲ್ಲಿಂದ ಕಡಿಮೆ.

ಅಪ್‌ಗ್ರೇಡ್ ಆದ ಮೇಲೆ ಮೈಲಿ, ತೆರಿಗೆಗಳ ಲೆಕ್ಕ ಹೇಗೆ?

ಮೈಲಿಗಳು ಸಾಮಾನ್ಯವಾಗಿ ಕೊಂಡಾಗಿನ ಅಕ್ಷರದ ಪ್ರಕಾರವೇ ಸೇರುತ್ತವೆ. ಕ್ಯೂ ಕೊಂಡು ಬಿಸಿನೆಸ್‌ನಲ್ಲಿ ಮಲಗಿಕೊಂಡು ಹೋದರೂ ಖಾತೆಗೆ ಬರುವುದು ಕ್ಯೂ ಪಾಲು. ಬ್ಯಾಗೇಜ್ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ತೆರಿಗೆಯಲ್ಲಿ ಎಚ್ಚರ ಬೇಕಾದದ್ದು ಬ್ರಿಟನ್ನಿನಿಂದ ಹೊರಡುವ ಹಾರಾಟಗಳಲ್ಲಿ. ಅಲ್ಲಿನ ವಿಮಾನ ಪ್ರಯಾಣಿಕ ಸುಂಕ ಕೆಳಗಿನ ದರ್ಜೆಗೆ ಒಂದು, ಮೇಲಿನ ದರ್ಜೆಗಳಿಗೆ ಹೆಚ್ಚಿನದು. ಮೈಲಿ ಕೊಟ್ಟು ಅಪ್‌ಗ್ರೇಡ್ ಪಡೆದವರು ಆ ವ್ಯತ್ಯಾಸವನ್ನು ನಗದಾಗಿ ತೆರಬೇಕಾಗಬಹುದು.

ಖಚಿತವಾದ ಮೇಲಿನ ದರ್ಜೆಯಿಂದ ಕೆಳಕ್ಕೆ ಇಳಿಸಿದರೆ ಏನು ಮಾಡಬೇಕು?

ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮಾವಳಿಯ 10ನೇ ವಿಧಿ ಎರಡೂ ದಿಕ್ಕಿನ ಮಾತನ್ನು ಹೇಳುತ್ತದೆ. ಸಂಸ್ಥೆ ತಾನಾಗಿ ಮೇಲಿನ ದರ್ಜೆಯಲ್ಲಿ ಕೂರಿಸಿದರೆ ಹೆಚ್ಚುವರಿ ಹಣ ಕೇಳುವಂತಿಲ್ಲ. ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ ಟಿಕೆಟ್ ಬೆಲೆಯಲ್ಲಿ 1500 ಕಿಲೋಮೀಟರ್‌ವರೆಗಿನ ಹಾರಾಟಕ್ಕೆ ಶೇಕಡಾ 30, ಅದಕ್ಕಿಂತ ದೂರದ ಒಕ್ಕೂಟದೊಳಗಿನ ಹಾರಾಟಗಳಿಗೆ ಮತ್ತು 1500ರಿಂದ 3500 ಕಿಲೋಮೀಟರ್‌ಗಳ ಇತರ ಹಾರಾಟಗಳಿಗೆ ಶೇಕಡಾ 50, ಉಳಿದ ದೂರದ ಹಾರಾಟಗಳಿಗೆ ಶೇಕಡಾ 75ರಷ್ಟನ್ನು ಏಳು ದಿನದೊಳಗೆ ಹಿಂದಿರುಗಿಸಬೇಕು. ಮೈಲಿಗಳಿಂದ ಪಡೆದ ಅಪ್‌ಗ್ರೇಡ್ ತಪ್ಪಿದರೆ ಆ ಮೈಲಿಗಳನ್ನು ಖಾತೆಗೆ ವಾಪಸು ಕೇಳಬೇಕು. ಇದು ಎಷ್ಟೋ ಸಲ ತಾನಾಗಿ ಆಗುವುದಿಲ್ಲ. ಇ-ಟಿಕೆಟ್ ರಸೀದಿ, ಅಪ್‌ಗ್ರೇಡ್ ಖಚಿತವಾದ ಸಂದೇಶ, ಎರಡೂ ಬೋರ್ಡಿಂಗ್ ಪಾಸ್‌ಗಳು, ಇವನ್ನು ಮೈಲಿಗಳು ಮರಳಿ ಬರುವವರೆಗೆ ಎಸೆಯಬೇಡಿ.